ಅರ್ಧ ಫೆರ್ರಿ

ನ್ಯಾಯಾಧೀಶರು ಕನ್ನಡಕ ಒರೆಸಿಕೊಂಡು ಓದಿದರು:
ಕಂಪನಿಯಿಂದ ಆರ್ವಿಡ್ ಕೆಸ್ಟಿಲನಿಗೆ ಏನು ಬಂದರೂ
ಅದು ಮೊದಲು ಈಕೆಗೆ.
ಎಂಜಿನ್ ಅಲ್ಲ, ಲಂಗರು ಅಲ್ಲ,
ಚುಕ್ಕಾಣಿಯಂತೂ ಅಲ್ಲವೇ ಅಲ್ಲ.
ಬಂದರೆ, ಬಂದದ್ದು.

ಆ 'ಬಂದರೆ' ನನಗೆ ಸರಿಯಾಗಿ ಕೇಳಿಸಲಿಲ್ಲ.
ಮೂವತ್ತು ವರ್ಷ ಗ್ರೈಂಡರಿನ ಪಕ್ಕ ಇದ್ದ ಕಿವಿ.

ಅವನ ಮನೆಯ ಕಬ್ಬಿಣದ ಚೌಕಟ್ಟು ಎತ್ತಿದವಳು ನಾನು.
ಸುಪೀರಿಯರ್ ಸರೋವರದತ್ತ ಮುಖ ಮಾಡಿದ ಮನೆ,
ಹನ್ನೊಂದು ತೊಲೆ, ಒಂದೊಂದು ಬೆಸುಗೆಯೂ ನನ್ನ ಕೈಯದು.
ಬಾಕಿ ಮೂವತ್ತೆಂಟು ಸಾವಿರದ ನಾನೂರ ಹನ್ನೆರಡು ಡಾಲರ್.
ನಾಳೆ ಅಂದ, ಬೇಸಿಗೆ ಅಂದ, ನಾನು ಹೂಂ ಅಂದೆ.
ಮನೆಯ ಮೇಲೆ ಹಕ್ಕು ಹೂಡುವ ಗಡುವು
ನನ್ನ ಹೂಂಗಳ ನಡುವೆ ಎಲ್ಲೋ ದಾಟಿಹೋಯಿತು.
ಮನೆ ಹೆಂಡತಿಯ ಹೆಸರಲ್ಲಿ. ಪಿಕಪ್ ಬ್ಯಾಂಕಿನದು.
ಅವನದು ಎನ್ನಲು ಉಳಿದದ್ದು ಒಂದೇ,
ದ್ವೀಪಕ್ಕೆ ಜನ ಸಾಗಿಸುವ ಫೆರ್ರಿ ಕಂಪನಿಯಲ್ಲಿ ಅರ್ಧ ಪಾಲು.
ಇನ್ನರ್ಧ ಕೊಲೆಟ್ ಬೋಶೇನಳದು.

ಜಪ್ತಿ ಮಾಡಿಸೋಣ, ಅಂದೆ.
ವಕೀಲ ನಕ್ಕ. ಕೊಲೆಟ್ ನಿನ್ನನ್ನು ಪಾಲುದಾರಳೆಂದು
ಆರಿಸಿಕೊಂಡಿಲ್ಲವಲ್ಲ ಇರ್ಯಾ,
ಅಪರಿಚಿತಳೊಬ್ಬಳನ್ನು ಅವಳ ಹಡಗಿಗೆ ಹತ್ತಿಸಿ
ಲೆಕ್ಕದ ಪುಸ್ತಕ ಕೊಡು ಅನ್ನಲಾಗದು.
ಅಪರಿಚಿತಳು!
ಅವಳ ಮಗಳ ಮೊದಲ ಸೈಕಲ್ಲಿನ ಮುರಿದ ಕಂಬಿಯನ್ನು
ಕಾಸು ತೆಗೆದುಕೊಳ್ಳದೆ ಕೂಡಿಸಿದ್ದೆ.
ಆದರೂ ರಾತ್ರಿ ಮಲಗಿ ಯೋಚಿಸಿದರೆ
ವಕೀಲನ ಮಾತು ನ್ಯಾಯವೇ. ಅದೇ ಚುಚ್ಚುತ್ತದೆ.
ಸಾಲ ಮಾಡಿದವಳು ಅವಳಲ್ಲ.

ಮೊದಲ ವರ್ಷ: ಹಂಚಿಕೆ ಇಲ್ಲ. ಫೆರ್ರಿಗೆ ಹೊಸ ಬಣ್ಣ.
ಎರಡನೆಯ ವರ್ಷ: ಹಂಚಿಕೆ ಇಲ್ಲ. ಹೊಸ ಪಂಪು,
ಪ್ರಯಾಣಿಕರ ಬೆಂಚಿಗೆ ಹಸಿರು ಮೆತ್ತೆ.
ನನ್ನ ದುಡ್ಡಿನ ಮೇಲೆ ಶಿಕಾಗೋದವರು ಕೂತು
ಸ್ಯಾಂಡ್‌ವಿಚ್ ತಿನ್ನುತ್ತಾರೆ.
ನಾನೂ ಒಮ್ಮೆ ಕೂತೆ. ಟಿಕೆಟ್ ಹದಿನೆಂಟು ಡಾಲರ್.
ಅದರಲ್ಲಿ ಒಂಬತ್ತು, ಬಂದರೆ, ನನ್ನದೇ.
ತಲೆ ಎಣಿಸಿದೆ: ನಲವತ್ತಮೂರು, ಒಂದು ನಾಯಿ.
ಆರ್ವಿಡ್ ಹಗ್ಗ ಸುತ್ತುತ್ತ ಬಂದು
"ಗಾಳಿ ಜಾಸ್ತಿ, ಒಳಗೆ ಕೂರು" ಅಂದ.
ಸಂಬಳ ತೆಗೆದುಕೊಳ್ಳುವುದಿಲ್ಲವಂತೆ. ಹೆಂಡತಿಯ ನರ್ಸ್ ಕೆಲಸದಲ್ಲಿ
ನಡೆಯುತ್ತದಂತೆ. ಅವನ ಬೂಟಿಗೂ ಟೇಪು ಸುತ್ತಿತ್ತು.
ಒಳಗೆ ಕೂತೆ.

ಮಾರ್ಚಿನಲ್ಲಿ ಕಂಪನಿಯಿಂದ ಲಕೋಟೆ ಬಂತು, ದಪ್ಪನೆಯದು.
ಅಡುಗೆಮನೆಯಲ್ಲಿ ನಿಂತೇ ಹರಿದೆ.
ತೆರಿಗೆಯ ಕಾಗದ.
ಅರ್ಧ ಪಾಲಿನ ಲಾಭ ಇಷ್ಟು, ಅದು ನಿನ್ನ ಲೆಕ್ಕಕ್ಕೆ,
ಕೈಗೆ ಕೊಟ್ಟದ್ದು: ಸೊನ್ನೆ.
ಕಾಣದ ದುಡ್ಡಿಗೆ ತೆರಿಗೆ ನಾನು ಕಟ್ಟಬೇಕೆ?
ಲೆಕ್ಕಿಗ ಗಡ್ಡ ಕೆರೆದುಕೊಂಡು, ಕಟ್ಟಬೇಕಾಗಬಹುದು ಅಂದ.
ಹೀಗೆ ಕೇಳಿಸಿಕೊಳ್ಳಲೂ ಅವನಿಗೆ ಅರವತ್ತು ಡಾಲರ್.

ಜುಲೈ ಹದಿನಾಲ್ಕು. ಕೊಲೆಟ್‌ಳ ಫೋನು.
ಮುಂದಿನ ಏಣಿಹಲಗೆ ಬಿರುಕು ಬಿಟ್ಟಿದೆ,
ದಂಡೆಯಲ್ಲಿ ಐವತ್ತು ಜನ ಬಿಸಿಲಲ್ಲಿ ನಿಂತಿದ್ದಾರೆ,
ಈ ಊರಲ್ಲಿ ನಿನ್ನ ಬಿಟ್ಟರೆ ಯಾರಿದ್ದಾರೆ.
ಆಗ ನಾನು ಅಪರಿಚಿತಳಾಗಿರಲಿಲ್ಲ.
ಮುಸುಕು ಹಾಕಿಕೊಂಡು ಮಂಡಿಯೂರಿದೆ,
ನನಗೆ ಮುಟ್ಟುವ ಹಕ್ಕಿಲ್ಲದ ಕಬ್ಬಿಣಕ್ಕೆ.
ಹಲಗೆಯ ಆ ತುದಿ ಒತ್ತಿ ಹಿಡಿದವನು ಆರ್ವಿಡ್.
ಕಿಡಿ ಅವನ ಟೇಪಿನ ಬೂಟಿನ ಮೇಲೆ ಬಿತ್ತು, ಕದಲಲಿಲ್ಲ.

ಇನ್ನೂರ ಹನ್ನೆರಡು ಡಾಲರಿಗೆ ಬಿಲ್ಲು ಬರೆದೆ.
ಕೊಲೆಟ್ ಅಲ್ಲೇ, ಹಸಿರು ಮೆತ್ತೆಯ ಮೇಲೆ ಕೂತು
ಕಂಪನಿಯ ಚೆಕ್ಕು ಕೊಟ್ಟಳು. ಶಾಯಿ ಒಣಗಿರಲಿಲ್ಲ.
ಕಂಪನಿ ತನ್ನ ಸಾಲ ಇಟ್ಟುಕೊಳ್ಳುವುದಿಲ್ಲ, ಇರ್ಯಾ.

ವಾಪಸು ಬರುವಾಗ ವ್ಯಾನಿನಲ್ಲಿ ಲೆಕ್ಕ ಹಾಕಿದೆ:
ಖರ್ಚು ಇನ್ನೂರ ಹನ್ನೆರಡು ಅಂದರೆ
ಲಾಭ ಅಷ್ಟು ಕಡಿಮೆ,
ನನ್ನ ಅರ್ಧದಲ್ಲಿ ನೂರ ಆರು,
ಬಂದರೆ.